ಮನೆಯ ಹುಡುಗಿಯ ಕ್ಯಾಮೆರಾಕ್ಕೂ ಖರ್ಚಿದೆ

ಮಾನ್ಯ ಸಂಪಾದಕರೇ,

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಚೆಗೆ ಪದೇ ಪದೇ ಕಾಣಿಸಿಕೊಳ್ಳುತ್ತಿರುವ ಒಂದು ಬಗೆಯ ಪ್ರಕಟಣೆಯ ಕುರಿತು ಈ ಪತ್ರ. ವಾರ್ಷಿಕೋತ್ಸವದ ದಿನ ಬೆಳಗ್ಗೆಯಿಂದ ರಾತ್ರಿಯವರೆಗೆ ಫೋಟೊ ತೆಗೆಯಲು ಸ್ವಂತ ಕ್ಯಾಮೆರಾ ಇರುವ ಯುವಕ-ಯುವತಿಯರು ಬೇಕಾಗಿದ್ದಾರೆ, ಊಟೋಪಚಾರದ ವ್ಯವಸ್ಥೆ ಇದೆ, ಪ್ರಮಾಣಪತ್ರ ನೀಡಲಾಗುವುದು, ಪ್ರತಿಭೆ ತೋರಿಸಲು ಇದೊಂದು ಒಳ್ಳೆಯ ವೇದಿಕೆ ಎಂಬುದು ಅವುಗಳ ಸಾರಾಂಶ. ಅದೇ ಕಾರ್ಯಕ್ರಮದ ಪೆಂಡಾಲಿನವರನ್ನಾಗಲಿ, ಮೈಕಿನವರನ್ನಾಗಲಿ, ಅಡುಗೆ ಭಟ್ಟರನ್ನಾಗಲಿ ಪ್ರಮಾಣಪತ್ರ ಕೊಟ್ಟು ಕಳಿಸಿದ್ದನ್ನು ನಾನು ಈವರೆಗೆ ಕಂಡಿಲ್ಲ. ಮುಲುಂಡಿನಲ್ಲಿ ಮೂವತ್ತೆರಡು ವರ್ಷ ಸ್ಟುಡಿಯೊ ನಡೆಸಿ, ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ ನನ್ನ ಬಳಿಗೆ ಕ್ಯಾಮೆರಾ ಹಿಡಿದ ಹೊಸಬರು ಆಗಾಗ ಬರುತ್ತಾರೆ. ಬೆಳಕು, ಲೆನ್ಸು, ಫ್ಲಾಶ್ ಕುರಿತ ಅವರ ಪ್ರಶ್ನೆಗಳಿಗೆ ಉತ್ತರಿಸುವುದು ನನಗೆ ಕಷ್ಟವಲ್ಲ, ‘ಎಷ್ಟು ಕೇಳಬೇಕು?’ ಎಂಬ ಪ್ರಶ್ನೆಗೆ ಮಾತ್ರ ಬಹುಕಾಲ ಹಾರಿಕೆಯ ಉತ್ತರವನ್ನೇ ಕೊಡುತ್ತಿದ್ದೆ. ಕಳೆದ ವರ್ಷ ನನ್ನ ತಂಗಿಯ ಮಗಳ ಜೊತೆ ಕೂತು ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆ ಹಾಗೆ ಮಾಡುವುದನ್ನು ಬಿಟ್ಟಿದ್ದೇನೆ.

ಆಕೆ ಬಿ.ಕಾಂ. ಮುಗಿಸಿ, ಕಂತಿನ ಮೇಲೆ ಕ್ಯಾಮೆರಾ ಕೊಂಡು, ಫೋರ್ಟಿನ ಬೋರಾ ಬಜಾರಿನಲ್ಲಿ ಹಳೆಯದೊಂದು 50 ಮಿ.ಮೀ. ಲೆನ್ಸನ್ನೂ ಫ್ಲಾಶನ್ನೂ ಚೌಕಾಸಿ ಮಾಡಿ ತಂದುಕೊಂಡ ಹುಡುಗಿ. ಊರ ಕಡೆಯಿಂದ ಸಂಬಂಧಿಕರೇ ಆಗಬೇಕಾದ ಒಂದು ಕುಟುಂಬದವರು ಮಾಟುಂಗದ ಸಭಾಗೃಹದಲ್ಲಿ ನಡೆಯಲಿದ್ದ ಉಪನಯನಕ್ಕೆ ಆಕೆಯನ್ನು ಕರೆದರು. ‘ನಮ್ಮ ಮನೆಯ ಹುಡುಗಿಯೇ ಇರುವಾಗ ಹೊರಗಿನವರು ಯಾಕೆ?’ ಎಂಬ ಮಾತಿನಲ್ಲಿ ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ. ದರದ ಮಾತು ಎತ್ತಲು ಆಕೆಗೆ ಬಾಯಿ ಬರಲಿಲ್ಲ, ಅವರೂ ಎತ್ತಲಿಲ್ಲ. ಬೆಳಗಿನ ಮುಹೂರ್ತವಾದ್ದರಿಂದ ಐದೂವರೆಗೇ ಅಲ್ಲಿರಬೇಕಿತ್ತು. ಸಾಮಾನಿನ ಚೀಲ ಹೊತ್ತು ಕತ್ತಲಲ್ಲಿ ಒಬ್ಬಳೇ ಲೋಕಲ್ ಹತ್ತಲು ಮನೆಯವರು ಬಿಡಲಿಲ್ಲ; ರಿಕ್ಷಾಗಳು ಸಾಯನ್ ದಾಟಿ ಮಾಟುಂಗದ ಕಡೆಗೆ ಬರುವಂತಿಲ್ಲವಾದ್ದರಿಂದ ಟ್ಯಾಕ್ಸಿಯೇ ಗತಿಯಾಯಿತು. ಮಧ್ಯಾಹ್ನ ಮೂರೂವರೆಗೆ ಕೆಲಸ ಮುಗಿದಾಗ ಆಕೆಯ ಕೈಗೆ ಬಂದದ್ದು ಒಂದು ರೂಪಾಯಿಯ ನಾಣ್ಯ ಅಂಟಿಸಿದ ಲಕೋಟೆ. ಒಳಗೆ 2,500, ಹೊರಗೆ 1, ಒಟ್ಟು 2,501 ರೂಪಾಯಿ. ಜೊತೆಗೆ ಒಂದು ತೆಂಗಿನಕಾಯಿ.

ಕ್ಯಾಮೆರಾ, ಎರಡು ಲೆನ್ಸು, ಫ್ಲಾಶ್, ಹೆಚ್ಚುವರಿ ಬ್ಯಾಟರಿ, ಮೆಮೊರಿ ಕಾರ್ಡುಗಳೆಲ್ಲ ಸೇರಿ ಆಕೆ ಹಾಕಿದ ಬಂಡವಾಳ 90,000 ರೂಪಾಯಿ. ನಾಲ್ಕು ವರ್ಷ ಬಾಳುತ್ತವೆಂದು ಇಟ್ಟುಕೊಂಡರೆ ತಿಂಗಳಿಗೆ 1,875. ಲ್ಯಾಪ್‌ಟಾಪಿನ 60,000ವನ್ನು ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,000. ಎಡಿಟಿಂಗ್ ಸಾಫ್ಟ್‌ವೇರಿನ ಬಾಡಿಗೆ, ಇಂಟರ್ನೆಟ್, ಚಿತ್ರಗಳನ್ನು ಕಾಪಿಡುವ ಹಾರ್ಡ್ ಡಿಸ್ಕ್ ಇವಕ್ಕೆ 1,500. ರಿಪೇರಿ ಮತ್ತು ಸ್ವಚ್ಛತೆಗೆಂದು 625 ತೆಗೆದಿಟ್ಟರೆ ತಿಂಗಳಿಗೆ ಒಟ್ಟು 5,000 ರೂಪಾಯಿ, ಆಕೆ ಮನೆಯಲ್ಲಿ ಸುಮ್ಮನೆ ಕೂತಿದ್ದರೂ ತಪ್ಪದ ಖರ್ಚು. ನಾಲ್ಕು ವರ್ಷ ಎಂದದ್ದೂ ಉದಾರವಾಗಿಯೇ. ಹೊಸಬರು ಕೊಳ್ಳುವ ಡಿಎಸ್ಎಲ್ಆರ್ ಕ್ಯಾಮೆರಾಗಳ ಶಟರು, ಅಂದರೆ ಬೆಳಕನ್ನು ಒಳಬಿಡುವ ಪರದೆ, ಸಾಮಾನ್ಯವಾಗಿ ಒಂದು ಲಕ್ಷ ಸಲ ತೆರೆದು ಮುಚ್ಚುವ ಬಾಳಿಕೆಗೆ ಮಾಡಿದ್ದು. ಒಂದು ಸಮಾರಂಭಕ್ಕೆ 1,400 ಸಲ ಒತ್ತಿದರೆ 71 ಸಮಾರಂಭಗಳಿಗೆ ಆ ಲೆಕ್ಕ ಮುಗಿಯುತ್ತದೆ. ಇನ್ನು ನಮ್ಮ ಮುಂಬಯಿಯ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಹಿಡಿಯುವುದನ್ನು ಕಂಡವರೇ ಬಲ್ಲರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಲೆನ್ಸನ್ನು ಮಗುವಿನಂತೆ ಮಲಗಿಸಿದರೂ ಒಂದೊಂದು ವರ್ಷ ಜೇಡರ ಬಲೆಯಂಥ ಬಿಳಿ ಎಳೆ ಮೂಡಿಯೇ ಇರುತ್ತದೆ.

ತಿಂಗಳಿಗೆ ಐದು ಕೆಲಸ ಸಿಕ್ಕಿದರೆ ಆ 5,000ದಲ್ಲಿ ಒಂದು ಕೆಲಸದ ಪಾಲು 1,000 ರೂಪಾಯಿ. ಹೋಗಿಬರುವ ಖರ್ಚು, ಚಹಾ ಸೇರಿ 800. ಲಕೋಟೆಯಲ್ಲಿ ಉಳಿದದ್ದು 701 ರೂಪಾಯಿ. ಇನ್ನು ದುಡಿದ ಹೊತ್ತು ಎಷ್ಟೆಂದು ನೋಡಿದರೆ, ಸಭಾಗೃಹದಲ್ಲಿ 10 ಗಂಟೆ, ಪ್ರಯಾಣಕ್ಕೆ 2, ತೆಗೆದ 1,400 ಚಿತ್ರಗಳಲ್ಲಿ ಕಣ್ಣು ಮುಚ್ಚಿದ್ದು, ಅಲುಗಿದ್ದು, ಅಡ್ಡ ಬಂದದ್ದನ್ನೆಲ್ಲ ಆರಿಸಿ ಬದಿಗಿಡಲು 3, ಉಳಿಸಿಕೊಂಡ 250 ಚಿತ್ರಗಳ ಬಣ್ಣ-ಬೆಳಕು ತಿದ್ದಲು ಒಂದಕ್ಕೆ ಮೂರು ನಿಮಿಷದಂತೆ 12 ಗಂಟೆ 30 ನಿಮಿಷ, ಪ್ರತಿ ಮಾಡಿ ಕಳಿಸುವುದು, ‘ದೊಡ್ಡಮ್ಮನ ಫೋಟೊ ಇನ್ನೊಂದಿದೆಯಾ?’ ಎಂಬ ಫೋನುಗಳಿಗೆ ಉತ್ತರಿಸುವುದು ಎಂದು ಎರಡೂವರೆ. ಒಟ್ಟು 30 ಗಂಟೆ. ಅಂದರೆ ಗಂಟೆಗೆ 23 ರೂಪಾಯಿ. ಒಂದು ವಡಾಪಾವಿನ ಬೆಲೆಗೆ ಒಂದು ಗಂಟೆ. ತಿಂಗಳಿಗೆ ಐದರ ಬದಲು ಎರಡೇ ಕೆಲಸ ಸಿಕ್ಕಿದ್ದರೆ ಆ 1,000 ಎಂಬುದು 2,500 ಆಗುತ್ತಿತ್ತು, ಲಕೋಟೆ ಅಲ್ಲಿಗೇ ಖಾಲಿ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಶುಭಕಾರ್ಯಗಳೇ ಇಲ್ಲದಿರುವಾಗ ವರ್ಷವಿಡೀ ತಿಂಗಳಿಗೆ ಐದು ಎನ್ನುವುದು ಹೊಸಬರ ಪಾಲಿಗೆ ದೊಡ್ಡ ಭಾಗ್ಯವೇ.

‘ಹಾಗಾದರೆ ಮಾವ, ಮುಂದಿನ ಸಲ 6,000 ಕೇಳಲಾ?’ ಎಂದಳು. ಕೇಳಬಹುದು. ಗಂಟೆಗೆ 150 ರೂಪಾಯಿ ಎಂದು ಹಿಡಿದರೆ 30 ಗಂಟೆಗೆ 4,500, ಮೇಲಿನ ಖರ್ಚು 1,800 ಸೇರಿ 6,300 ಆಗುತ್ತದೆ. ಈ 150 ಎಂಬುದಕ್ಕೆ ಶಾಸ್ತ್ರಾಧಾರವೇನೂ ಇಲ್ಲ. ದಿನಕ್ಕೆ 8 ಗಂಟೆಯಂತೆ 25 ದಿನ ದುಡಿದರೆ 30,000 ಆಗುತ್ತದೆ, ಹೆತ್ತವರ ಮನೆಯಲ್ಲಿದ್ದು ಜೀವನ ಶುರುಮಾಡುವವರಿಗೆ ಈ ನಗರದಲ್ಲಿ ಅದಕ್ಕಿಂತ ಕಡಿಮೆಯಾದರೆ ಸಾಗದು ಎಂಬುದು ನನ್ನ ಅಂದಾಜು. ಆದರೆ ಆ ಕುಟುಂಬದವರ ಕೈಯಲ್ಲಿ ನಿಜಕ್ಕೂ 3,000ಕ್ಕಿಂತ ಹೆಚ್ಚು ಇಲ್ಲದೆ ಇರಬಹುದು. ಅವರಿಗೆ ಫೋಟೊ ಬೇಡವೆನ್ನಲು ಆಗುತ್ತದೆಯೆ? ಅದಕ್ಕೆ ಆಕೆಗೆ ಇನ್ನೊಂದು ಲೆಕ್ಕ ಬರೆದುಕೊಟ್ಟೆ. ಮುಹೂರ್ತದ ಹೊತ್ತಿನ 4 ಗಂಟೆ ಮಾತ್ರ ಇರುವುದು, 400 ಚಿತ್ರ ತೆಗೆದು 80ನ್ನು ತಿದ್ದಿ ಕೊಡುವುದು. ಸ್ಥಳದಲ್ಲಿ 4, ಪ್ರಯಾಣ 2, ಆರಿಸಲು 1, ತಿದ್ದಲು 4, ಕಳಿಸಲು 1, ಒಟ್ಟು 12 ಗಂಟೆ. ಅದರ ಕೂಲಿ 1,800, ಸಲಕರಣೆಯ ಪಾಲು 1,000, ಬೆಳಕು ಹರಿದ ಮೇಲೆ ಲೋಕಲಿನಲ್ಲಿ ಹೋಗಿಬರಲು 100, ಕೂಡಿದರೆ 2,900. ಕೊಡುವವರ ಲಕೋಟೆ ಹೆಚ್ಚುಕಡಿಮೆ ಅದೇ, ದುಡಿಯುವವಳ ಕೂಲಿ ಮಾತ್ರ ಗಂಟೆಗೆ 23ರಿಂದ 150ಕ್ಕೆ ಏರಿತು.

ಈ ಪತ್ರದಲ್ಲಿ ನಾನು ಹೇಳಹೊರಟದ್ದು ಇದನ್ನೇ. ಹೊಸಬರು ಕಡಿಮೆ ಮೊತ್ತಕ್ಕೆ ಕೆಲಸ ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಮೊತ್ತ ಇಳಿದಷ್ಟು ಕೆಲಸದ ಅಳತೆಯೂ ಇಳಿಯಬೇಕು. ಜವಳಿ ಅಂಗಡಿಯಲ್ಲಿ ಐದು ಮೀಟರಿನ ಹಣಕ್ಕೆ ಹದಿನೈದು ಮೀಟರ್ ಹರಿದುಕೊಡಿ ಎಂದು ನಾವು ಕೇಳುವುದಿಲ್ಲ. ಫೋಟೊದ ವಿಷಯದಲ್ಲಿ ಹಾಗೆ ಕೇಳುತ್ತೇವೆ, ಏಕೆಂದರೆ ಇಲ್ಲಿ ಬಟ್ಟೆ ಕಣ್ಣಿಗೆ ಕಾಣುವುದಿಲ್ಲ.

ಫಿಲ್ಮ್ ರೋಲಿನ ಕಾಲದಲ್ಲಿ ಅದು ಕಾಣುತ್ತಿತ್ತು. ನಾನು ಯಾಶಿಕಾ ಕ್ಯಾಮೆರಾದಲ್ಲಿ 120ರ ಅಗಲ ಫಿಲ್ಮಿನ ರೋಲು ಹಾಕಿ ಶುರುಮಾಡಿದವನು. ಒಂದು ರೋಲಿಗೆ 12 ಚೌಕ ಚಿತ್ರ. ಆಮೇಲೆ 35 ಮಿ.ಮೀ. ಬಂದಾಗ 36. ಮದುವೆಯ ಮಾತುಕತೆಗೆ ಬಂದ ಹುಡುಗಿಯ ತಂದೆ ಮೊದಲು ಕೇಳುತ್ತಿದ್ದುದು ‘ಎಷ್ಟು ರೋಲು ಆದೀತು?’ ಎಂದೇ. ಐದು ರೋಲು ಎಂದು ಗೊತ್ತಾದರೆ 180 ಚಿತ್ರ, ರೋಲಿನ ಬೆಲೆ ಇಷ್ಟು, ತೊಳೆಯುವುದಕ್ಕೆ ಇಷ್ಟು, 4×6 ಪ್ರಿಂಟಿಗೆ ಇಷ್ಟು, ನನ್ನ ದುಡಿಮೆಗೆ ಇಷ್ಟು ಎಂದು ಅವರ ಎದುರಿನಲ್ಲೇ ಕೂಡಿಸುತ್ತಿದ್ದೆವು. ಆರನೆಯ ರೋಲು ಹಾಕುವ ಮೊದಲು ನಾನು ಅವರ ಮುಖ ನೋಡುತ್ತಿದ್ದೆ, ಅವರು ತಲೆಯಾಡಿಸಿದರೆ ಮಾತ್ರ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಈಗ ಆ ಆರನೆಯ ರೋಲು ಎಂಬುದೇ ಇಲ್ಲ. ಕಾರ್ಡಿನಲ್ಲಿ ಜಾಗವಿದೆ, ಒತ್ತುತ್ತಾ ಹೋಗು ಎನ್ನುವವರಿಗೆ, 28 ಎಂಬಿಯಂತೆ 1,400 ಚಿತ್ರವೆಂದರೆ 39 ಜಿಬಿ, ಕೆಟ್ಟುಹೋದೀತೆಂಬ ಭಯಕ್ಕೆ ಅದರ ಎರಡು ಪ್ರತಿ, ಆ ರಾಶಿಯ ಮುಂದೆ ಮೂರು ರಾತ್ರಿ ಎಂಬುದು ಹೊಳೆಯುವುದಿಲ್ಲ. ಅದು ಅವರ ತಪ್ಪಲ್ಲ. ಹೇಳದೆ ಉಳಿದ ನಮ್ಮ ತಪ್ಪು.

ಹೊಸಬರ ಕೆಲಸದ ಮೇಲೆ ಭರವಸೆ ಇಡುವುದು ಹೇಗೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಒಂದೇ ಕ್ಯಾಮೆರಾ ಇರುವವರು ಮದುವೆಯಂಥ ಕೆಲಸವನ್ನು ಒಬ್ಬರೇ ಒಪ್ಪಿಕೊಳ್ಳಬಾರದು ಎಂಬುದೇ ನನ್ನ ಅಭಿಪ್ರಾಯ. ಕಾರ್ಡು ಕೈಕೊಟ್ಟರೆ ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿಸಲಾಗದು, 50 ರೂಪಾಯಿಯ ದರಕ್ಕೂ 50,000ದ ದರಕ್ಕೂ ಆ ನಷ್ಟ ಒಂದೇ. ಮೊದಲ ಹತ್ತು ಮದುವೆಗಳಿಗೆ ಅನುಭವಸ್ಥರ ಜೊತೆ ಎರಡನೆಯ ಕ್ಯಾಮೆರಾ ಹಿಡಿದು ಹೋಗುವುದು ಕಲಿಕೆಗೂ ಒಳ್ಳೆಯದು, ಮದುವೆಯ ಮನೆಯವರಿಗೂ ಕ್ಷೇಮ. ಆದರೆ ಅಲ್ಲಿಯೂ ದರದ ಪ್ರಶ್ನೆ ತಪ್ಪುವುದಿಲ್ಲ. ಗಿರಾಕಿಯ ಬಿಲ್ಲಿನಲ್ಲಿ ಇಬ್ಬರು ಛಾಯಾಗ್ರಾಹಕರೆಂದು ಬರೆದು ಹಣ ಎಣಿಸಿಕೊಂಡು, ಎರಡನೆಯವನಿಗೆ ರಾತ್ರಿ ಊಟ ಹಾಕಿಸಿ ಕಳಿಸುವವರು ನಮ್ಮ ವೃತ್ತಿಯಲ್ಲಿ ಇದ್ದಾರೆ. ಬೇರೆಯವರ ಮಾತು ಯಾಕೆ, ನಾನೇ ಹಾಗೆ ಮಾಡಿದ್ದೇನೆ. ಕುಂದಾಪುರದ ಕಡೆಯ ಒಬ್ಬ ಹುಡುಗ ನನ್ನ ಸ್ಟುಡಿಯೊದಲ್ಲಿ ಎರಡು ವರ್ಷ ಲೈಟು ಹಿಡಿದ, ಡಾರ್ಕ್‌ರೂಮಿನಲ್ಲಿ ನಿಂತ, ನನಗೆ ಜ್ವರ ಬಂದಾಗ ಎರಡು ಸೀಮಂತ, ಒಂದು ಗೃಹಪ್ರವೇಶವನ್ನು ಒಬ್ಬನೇ ಮುಗಿಸಿಕೊಟ್ಟ. ಊಟ, ವಸತಿ, ದೀಪಾವಳಿಗೆ ಒಂದು ಜೊತೆ ಬಟ್ಟೆ, ಅಷ್ಟೇ ಕೊಟ್ಟದ್ದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗಿ ಕಲಿತ ತಲೆಮಾರಿನವರು ನಾವು. ಕಲಿಯುವವನಿಗೆ ಸಂಬಳವೇಕೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹೋಟೆಲಿನ ಮಾಣಿಗಾದರೂ ತಿಂಗಳ ಕೊನೆಗೆ ಅಷ್ಟೋ ಇಷ್ಟೋ ಸಂಬಳವಿತ್ತು ಎಂಬುದು ಆಮೇಲೆ ನೆನಪಾಯಿತು.

ಆರಂಭದವರ ಚಿತ್ರಕ್ಕೆ ಬೆಲೆ ಕೊಡುವ ಪದ್ಧತಿ ಈ ನಗರಕ್ಕೆ ಹೊಸತಲ್ಲ. ಜೆ.ಜೆ. ಕಲಾಶಾಲೆಯಲ್ಲಿ ಓದಿ ಮುಂದೆ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮೈ ವ್ಯಾರಾವಾಲಾ ಅವರ ಮೊದಮೊದಲ ಚಿತ್ರಗಳು 1930ರ ದಶಕದಲ್ಲಿ ‘ಬಾಂಬೆ ಕ್ರಾನಿಕಲ್’ ಪತ್ರಿಕೆಯಲ್ಲಿ ಅಚ್ಚಾದಾಗ ಅವರಿಗೆ ಸಿಕ್ಕಿದ್ದು ಚಿತ್ರವೊಂದಕ್ಕೆ ಒಂದು ರೂಪಾಯಿ. ಕಡಿಮೆಯೇ ಇರಬಹುದು, ಆದರೆ ನಿಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂಬ ಸಮಾಧಾನವನ್ನು ಹಣದ ಬದಲಿಗೆ ಕೊಟ್ಟದ್ದಲ್ಲ.

ಪುಕ್ಕಟೆ ಕೆಲಸವನ್ನು ನಾನು ಸಂಪೂರ್ಣ ವಿರೋಧಿಸುವವನಲ್ಲ. ತೋರಿಸಲು ನಾಲ್ಕು ಚಿತ್ರಗಳಿಲ್ಲದೆ ಯಾರೂ ಕೆಲಸ ಕೊಡುವುದಿಲ್ಲ. ಆ ನಾಲ್ಕು ಚಿತ್ರಗಳಿಗಾಗಿ ಎರಡು-ಮೂರು ಸಮಾರಂಭಗಳಿಗೆ ತಾವಾಗಿಯೇ, ತಮಗೆ ಬೇಕಾದ ಹೊತ್ತಿಗೆ ಹೋಗಿ ಬರಲಿ. ಅಲ್ಲಿ ಯಾರೂ ಅವರಿಗೆ ‘ಅಧ್ಯಕ್ಷರ ಜೊತೆ ಒಂದು ಗ್ರೂಪ್ ತೆಗಿ’ ಎಂದು ಅಪ್ಪಣೆ ಮಾಡುವಂತಿರಬಾರದು. ಆ ಬಳಿಕ ಅನಾಥಾಲಯಕ್ಕೋ ದೇವಸ್ಥಾನಕ್ಕೋ ಸೇವೆಯೆಂದು ಮಾಡಿಕೊಡುವುದಾದರೂ ಬಿಲ್ಲು ಬರೆದೇ ಕೊಡಲಿ. ಪೂರ್ಣ ಮೊತ್ತ 6,300 ಎಂದು ಮೇಲೆ ಬರೆದು, ಸೇವಾರೂಪದ ರಿಯಾಯಿತಿ 6,300 ಎಂದು ಕೆಳಗೆ ಕಳೆಯಲಿ. ಕೊಟ್ಟದ್ದು ಎಷ್ಟೆಂದು ಪಡೆದವರಿಗೆ ತಿಳಿದಿರುತ್ತದೆ. ಮುಂದಿನ ವರ್ಷ ಅದೇ ಸಮಿತಿಯವರು ಇನ್ನೊಬ್ಬ ಹುಡುಗನನ್ನು ಕರೆಯುವಾಗ ಕಳೆದ ಸಲ ಏನೂ ಖರ್ಚಾಗಿರಲಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ಕಾನೂನಿನ ಒಂದು ಅಂಶ ಹೊಸಬರಲ್ಲಿ ಹೆಚ್ಚಿನವರಿಗೆ ತಿಳಿದಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ ಚಿತ್ರದ ಮೊದಲ ಒಡೆತನ ತೆಗೆದವರದ್ದೇ ಆದರೂ, ಯಾರಾದರೂ ಹಣ ಕೊಟ್ಟು ತೆಗೆಸಿದ ಫೋಟೊ ಆಗಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಒಡೆತನ ತೆಗೆಸಿದವರಿಗೆ ಸೇರುತ್ತದೆ. ಹಾಗಾಗಿ ಉಪನಯನದ ಚಿತ್ರಗಳನ್ನು ತನ್ನ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಿಕೊಳ್ಳಬೇಕೆಂದರೆ ಆ ಕುಟುಂಬದ ಒಪ್ಪಿಗೆ ಬೇಕು, ಅದನ್ನು ದರದ ಕಾಗದದಲ್ಲೇ ಒಂದು ಸಾಲಿನಲ್ಲಿ ಬರೆಸಿಕೊಳ್ಳುವುದು ಲೇಸು. ಹಾಗೆಯೇ, ಬಿಡಿಗಾಸೂ ಕೊಡದೆ ತೆಗೆಸಿದ ಚಿತ್ರಗಳ ಮೇಲೆ ಸಂಘದವರು ಹಣ ಕೊಟ್ಟವರಂತೆ ಹಕ್ಕು ಹೇಳಲು ಬರುವುದಿಲ್ಲ ಎಂಬುದನ್ನು ಸ್ಮರಣ ಸಂಚಿಕೆಯ ಸಂಪಾದಕರು ಗಮನಿಸಬೇಕು. ಒಡೆತನ ಯಾರದ್ದೇ ಆಗಿರಲಿ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ತೆಗೆದವರಿಗೆ ಅದೇ ಕಾಯಿದೆಯ 57ನೆಯ ಕಲಮಿನಲ್ಲಿದೆ. ಹಣ ಪಾವತಿಯ ಬಗ್ಗೆಯೂ ಒಂದು ಮಾತು. ಮುಂಗಡವಾಗಿ ಅರ್ಧ, ಚಿತ್ರಗಳನ್ನು ಒಪ್ಪಿಸುವ ದಿನ ಉಳಿದರ್ಧ ಎಂಬ ಹಳೆಯ ಪದ್ಧತಿಯೇ ಮನೆಯ ಸಮಾರಂಭಗಳಿಗೆ ಸಾಕು. ಕಂಪನಿಗಳಿಗೆ ಕೆಲಸ ಮಾಡುವವರು ಸಣ್ಣ ಉದ್ಯಮಗಳಿಗೆಂದು ಸರಕಾರ ಇಟ್ಟಿರುವ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಲಿ, ಅದಕ್ಕೆ ಶುಲ್ಕವಿಲ್ಲ. ಹಾಗೆ ನೋಂದಾಯಿಸಿದ ಅತಿ ಸಣ್ಣ ಉದ್ಯಮಿಗೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ ಹೇಳುತ್ತದೆ, ತಪ್ಪಿದರೆ ಚಕ್ರಬಡ್ಡಿ ಕೇಳುವ ಹಕ್ಕನ್ನೂ ಕೊಡುತ್ತದೆ.

ಇನ್ನು ನಮ್ಮ ಸಂಘಗಳ ಮಾತಿಗೆ ಬರುತ್ತೇನೆ. ಪ್ರತಿ ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಇಲ್ಲಿಗೆ ಬರುತ್ತಾರೆ, ಸಭಾಗೃಹಗಳಲ್ಲಿ ಬಯಲಾಟದ ವೈಭವ ಕಳೆಗಟ್ಟುತ್ತದೆ. ರಂಗದ ಕೆಂಪು-ಹಳದಿ ಬೆಳಕಿನಲ್ಲಿ ಪುಂಡುವೇಷದ (ಚುರುಕಿನ ಯುವವೀರನ ಪಾತ್ರದ) ದಿಗಿಣವನ್ನು, ಅಂದರೆ ನೆಗೆದು ಗಿರ್ರನೆ ತಿರುಗುವುದನ್ನು, ಅಲುಗದಂತೆ ಹಿಡಿಯಬೇಕಾದರೆ ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ವೇಗದ ಶಟರ್ ಬೇಕು, ಆ ಬೆಳಕಿಗೆ ಆ ವೇಗ ಸಿಗಬೇಕಾದರೆ ಎಫ್ 2.8ರಂಥ ದೊಡ್ಡ ಕಣ್ಣಿನ ಲೆನ್ಸು ಬೇಕು, ಕ್ಯಾಮೆರಾದ ಜೊತೆ ಡಬ್ಬಿಯಲ್ಲಿ ಬರುವ ಲೆನ್ಸಿನಿಂದ ಆಗದು. ಹೊಸಬರು ಅದನ್ನು ಆ ಒಂದು ದಿನಕ್ಕೆಂದು ಬಾಡಿಗೆಗೆ ತರುತ್ತಾರೆ, ಬಾಡಿಗೆಯನ್ನು ತಮ್ಮ ಕೈಯಿಂದ ಕೊಡುತ್ತಾರೆ, ಚಿತ್ರಗಳನ್ನು ಸಂಘಕ್ಕೆ ಉಚಿತವಾಗಿ ಒಪ್ಪಿಸುತ್ತಾರೆ. ಅದೇ ವೇದಿಕೆಯ ಮೇಲೆ ಹದಿನಾಲ್ಕು ಮಂದಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ನಾಲ್ಕು ಹಣ್ಣಿನ ಬುಟ್ಟಿ ಕಡಿಮೆ ಮಾಡಿದರೆ ಆ ಲೆನ್ಸಿನ ಬಾಡಿಗೆ ಹುಟ್ಟುತ್ತದೆ ಎಂದು ನಾನು ಒಂದು ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು, ಬುಟ್ಟಿಗಳೇನೂ ಕಡಿಮೆಯಾಗಲಿಲ್ಲ.

ಎಲ್ಲರಿಗೂ ಒಂದೇ ದರಪಟ್ಟಿ ಮಾಡಿ ಎಂದು ಕೆಲವು ಗೆಳೆಯರು ಸೂಚಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ವಸಯಿಯ ಗೃಹಪ್ರವೇಶಕ್ಕೂ ಅಂಧೇರಿಯ ಹೋಟೆಲಿನ ಆರತಕ್ಷತೆಗೂ ಒಂದೇ ಬೆಲೆ ಕಟ್ಟಲಾಗದು, ಕಟ್ಟಿದರೂ ಮರುದಿನವೇ ಯಾರಾದರೂ ಒಳಗಿಂದೊಳಗೆ ಮುರಿಯುತ್ತಾರೆ. ಅದರ ಬದಲು ಸಂಘಗಳು ಕಾರ್ಯಕ್ರಮದ ಬಜೆಟ್ಟಿನಲ್ಲಿ ಛಾಯಾಗ್ರಹಣಕ್ಕೆಂದು ಒಂದು ಸಾಲು ಸೇರಿಸಿ, ಪ್ರಕಟಣೆಯಲ್ಲೇ ಮೊತ್ತವನ್ನೂ ಗಂಟೆಯನ್ನೂ ಬೇಕಾದ ಚಿತ್ರಗಳ ಸಂಖ್ಯೆಯನ್ನೂ ನಮೂದಿಸಿದರೆ ಸಾಕು. 3,000 ರೂಪಾಯಿ, 4 ಗಂಟೆ, 80 ಚಿತ್ರ ಎಂದು ಬರೆದಿರುವ ಪ್ರಕಟಣೆಯನ್ನು ಓದಿ ಬರುವವರು ಬರುತ್ತಾರೆ, ಆಗದವರು ಸುಮ್ಮನಿರುತ್ತಾರೆ, ಮುಖ ನೋಡಿ ದರ ಹೇಳುವ ಸಂಕಟ ಇಬ್ಬರಿಗೂ ತಪ್ಪುತ್ತದೆ. ನನ್ನ ಸೋದರ ಸೊಸೆ ಈಗ ಎರಡೂ ಲೆಕ್ಕಗಳನ್ನು ಒಂದೇ ಹಾಳೆಯ ಎರಡು ಬದಿಗೆ ಬರೆದು ಫೋನಿನಲ್ಲಿ ಕಳಿಸುತ್ತಾಳೆ. ಈವರೆಗೆ ಒಂಬತ್ತು ಮಂದಿಗೆ ಕಳಿಸಿದ್ದಾಳೆ. ಇಬ್ಬರು ಉತ್ತರಿಸಲಿಲ್ಲ, ಐವರು ಚಿಕ್ಕ ಲೆಕ್ಕವನ್ನು, ಇಬ್ಬರು ದೊಡ್ಡದನ್ನು ಒಪ್ಪಿದರು. ಆ ಇಬ್ಬರಲ್ಲಿ ಒಬ್ಬರು ತೆಂಗಿನಕಾಯಿ ಕೊಟ್ಟ ಮನೆಯವರೇ.

ಕೊನೆಯದಾಗಿ ತಮ್ಮಲ್ಲೂ ಒಂದು ವಿನಂತಿ. ಸಂಘಗಳು ವರದಿಯ ಜೊತೆ ಕಳಿಸುವ ಚಿತ್ರಗಳನ್ನು ತಾವು ಪ್ರೀತಿಯಿಂದ ಅಚ್ಚು ಹಾಕುತ್ತೀರಿ, ವೇದಿಕೆಯಲ್ಲಿ ನಿಂತವರೆಲ್ಲರ ಹೆಸರನ್ನೂ ಎಡದಿಂದ ಬಲಕ್ಕೆ ಕ್ರಮವಾಗಿ ಕೊಡುತ್ತೀರಿ. ಕಳೆದ ತಿಂಗಳು ಹಾಗೆ ಅಚ್ಚಾದ ಒಂದು ಚಿತ್ರದ ಕೆಳಗೆ ಹನ್ನೊಂದು ಹೆಸರುಗಳಿದ್ದವು, ತೆಗೆದವಳದ್ದು ಇರಲಿಲ್ಲ. ವರದಿ ಕಳಿಸುವವರಿಂದ ಚಿತ್ರ ತೆಗೆದವರ ಹೆಸರನ್ನೂ ಕಡ್ಡಾಯವಾಗಿ ಕೇಳಿ ಪಡೆದು, ಚಿತ್ರದ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಸ್ಟುಡಿಯೊ ಛಾಯಾಗ್ರಾಹಕ,
ಡೊಂಬಿವಲಿ ಪೂರ್ವ